ಬಣ್ಣದ ಕಾಗದದ ಹಿಂದಿನ ಬಣ್ಣಭೇದ

ಶಾಲೆಯ ಮಕ್ಕಳ ಕುಣಿತಕ್ಕೆ ಯಾವ ವಸ್ತು ಆರಿಸಬೇಕು, ಹಾಲನ್ನು ಹೇಗೆ ಸಿಂಗರಿಸಬೇಕು ಎಂಬುದೂ ಒಂದು ರಾಜಕೀಯ ಪ್ರಶ್ನೆಯೇ? ಗಿರಣಿಯಲ್ಲಿ ಎಂಟು ಗಂಟೆ ನಿಂತು ಬಂದವನಿಗೆ, ಸಂತೆಯ ದಿನವೂ ಉದ್ರಿ ವಸೂಲಾಗದೆ ಅಂಗಡಿಯ ಕದ ಎಳೆದುಕೊಂಡವನಿಗೆ ಈ ಪುರಾಣವೇಕೆ ಎಂದು ನಮ್ಮ ಓದುಗರಲ್ಲಿ ಕೆಲವರು ಕೇಳಿಯಾರು. ಕೇಳಲಿ. ನಮ್ಮ ಉತ್ತರ ಇಷ್ಟೇ: ವಸ್ತುವನ್ನು ಆರಿಸುವ ಸಮಿತಿಯಲ್ಲಿ ಯಾರ ಮಕ್ಕಳು ಕೂತಿದ್ದಾರೆ, ಸಿಂಗಾರದ ಖರ್ಚು ಯಾರ ಜೇಬಿನಿಂದ ಹೋಗುತ್ತದೆ, ಬಾಗಿಲಲ್ಲಿ ಹೆಸರಿನ ಪಟ್ಟಿ ಹಿಡಿದು ನಿಂತವರು ಯಾರನ್ನು ಒಳಗೆ ಬಿಡುತ್ತಾರೆ, ಯಾರನ್ನು ತಿರುಗಿಸಿ ಕಳುಹಿಸುತ್ತಾರೆ? ಈ ಮೂರು ಪ್ರಶ್ನೆಗಳೇ ರಾಜಕೀಯ. ಶಾಸನಸಭೆಯಲ್ಲಿ ಇವನ್ನು ದೊಡ್ಡ ದನಿಯಲ್ಲಿ ಕೇಳುತ್ತೇವೆ. ಬಣ್ಣದ ಕಾಗದದ ತೋರಣ ಕಟ್ಟಿದ ಕಡೆ ಮಾತ್ರ ಮರೆತುಬಿಡುತ್ತೇವೆ. ಮರೆಯಲೆಂದೇ ತೋರಣ ಕಟ್ಟುವವರೂ ಇದ್ದಾರೆ. ಅವರ ಕಥೆಯನ್ನೇ ಇಂದು ಹೇಳಬೇಕಾಗಿದೆ.

ಏನಿದು ಪ್ರಾಮ್?

ಅಮೆರಿಕದ ಹೈಸ್ಕೂಲುಗಳಲ್ಲಿ ಓದಿನ ವರ್ಷ ಮುಗಿಯುವ ಹೊತ್ತಿಗೆ, ಸಾಮಾನ್ಯವಾಗಿ ಏಪ್ರಿಲ್-ಮೇ ತಿಂಗಳಲ್ಲಿ, 'ಪ್ರಾಮ್' ಎಂಬ ನೃತ್ಯಕೂಟ ನಡೆಯುತ್ತದೆ. ಕೊನೆಯ ಎರಡು ತರಗತಿಗಳ ಹುಡುಗ ಹುಡುಗಿಯರಿಗೆ ಅದೊಂದು ದೊಡ್ಡ ಹಬ್ಬ. ತಿಂಗಳುಗಳ ಮೊದಲೇ ವಿದ್ಯಾರ್ಥಿಗಳ ಸಮಿತಿ ಸೇರಿ ಆ ವರ್ಷದ 'ಥೀಮ್' ಯಾವುದೆಂದು ಚರ್ಚಿಸುತ್ತದೆ. ಒಂದು ವರ್ಷ ಪ್ಯಾರಿಸ್ಸಿನ ರಾತ್ರಿ, ಇನ್ನೊಂದು ವರ್ಷ ಕಡಲಿನ ಆಳ, ಮತ್ತೊಂದು ವರ್ಷ ಹಾಲಿವುಡ್, ಅರೇಬಿಯದ ರಾತ್ರಿಗಳು! ವಸ್ತು ಗೊತ್ತಾದ ಮೇಲೆ ಆಟದ ಅಂಗಳವೇ ಅರಮನೆಯಾಗಬೇಕು. ಚೆಂಡಾಟದ ಹಾಲಿನ ಮಾಡಿಗೆ ಮುದುರು ಕಾಗದದ ಪಟ್ಟಿಗಳು, ಬಾಗಿಲಿಗೆ ಬಲೂನಿನ ಕಮಾನು, ಮೂಲೆಗೆ ರಟ್ಟಿನ ಐಫೆಲ್ ಗೋಪುರ. ಹಣಕ್ಕಾಗಿ ಮಕ್ಕಳು ಕಾರು ತೊಳೆಯುತ್ತಾರೆ, ಮಿಠಾಯಿ ಮಾರುತ್ತಾರೆ, ಟಿಕೆಟು ಹಂಚುತ್ತಾರೆ.

ಇದರಲ್ಲಿ ತಪ್ಪೇನೂ ಇಲ್ಲ. ಹುಡುಗರು ಹುಡುಗಿಯರು ಕೂಡಿ ಕುಣಿದರೆ ಸಂಸ್ಕೃತಿ ಕೆಟ್ಟಿತು ಎಂದು ಎದೆ ಬಡಿದುಕೊಳ್ಳುವ ಮಡಿವಂತರ ಸಾಲಿನಲ್ಲಿ ನಮ್ಮನ್ನು ಯಾರೂ ನಿಲ್ಲಿಸಬಾರದು. ದುಡಿಯುವವರ ಮಕ್ಕಳಿಗೂ ಹಾಡು ಬೇಕು, ಕುಣಿತ ಬೇಕು, ಒಂದು ಸಂಜೆ ಚೆನ್ನಾಗಿ ಉಟ್ಟು ತೊಟ್ಟು ನಲಿಯುವ ಹಕ್ಕು ಬೇಕು. ಏಣಿಯ ಮೇಲೆ ಒಬ್ಬ ನಿಂತು, ಕೆಳಗಿನಿಂದ ಇನ್ನೊಬ್ಬ ಗೋಂದು, ಕತ್ತರಿ ಕೊಟ್ಟು, ಇಬ್ಬರೂ ಕೂಡಿ ಒಂದು ಹಾಲನ್ನು ಸಿಂಗರಿಸುವುದು ಹತ್ತು ಪಾಠಕ್ಕಿಂತ ದೊಡ್ಡ ಪಾಠ. ನಮ್ಮ ಜಗಳ ಕುಣಿತದ ಮೇಲಲ್ಲ. ಆ ಏಣಿಯನ್ನು ಹಿಡಿಯಲು ಯಾರಿಗೆ ಅವಕಾಶವಿಲ್ಲ ಎಂಬುದರ ಮೇಲೆ.

'ಖಾಸಗಿ' ಎಂಬ ಹಿತ್ತಲ ಬಾಗಿಲು

ಕಪ್ಪು ಮಕ್ಕಳಿಗೊಂದು ಶಾಲೆ, ಬಿಳಿಯ ಮಕ್ಕಳಿಗೊಂದು ಶಾಲೆ ಎಂಬುದು ಸಂವಿಧಾನಕ್ಕೆ ವಿರುದ್ಧವೆಂದು ಅಮೆರಿಕದ ಸುಪ್ರೀಂ ಕೋರ್ಟು 1954ರಲ್ಲಿ ತೀರ್ಪು ಕೊಟ್ಟಿತು. ದಕ್ಷಿಣದ ರಾಜ್ಯಗಳ ಯಜಮಾನರು ಹದಿನೈದು ವರ್ಷ ಅದನ್ನು ಎಳೆದಾಡಿದರು. ಕೊನೆಗೆ 1969ರಲ್ಲಿ, ಮಿಸಿಸಿಪ್ಪಿ ರಾಜ್ಯದ ಮೊಕದ್ದಮೆಯೊಂದರಲ್ಲಿ, ಇನ್ನು ತಡ ಕೂಡದು, ಈಗಿಂದೀಗಲೇ ಒಂದು ಮಾಡಿ ಎಂದು ಅದೇ ಕೋರ್ಟು ಗದರಿಸಿತು. 1970ರ ಹೊತ್ತಿಗೆ ಎಷ್ಟೋ ಊರುಗಳಲ್ಲಿ ಕರಿಯ ಬಿಳಿಯ ಮಕ್ಕಳು ಒಂದೇ ಬೆಂಚಿನಲ್ಲಿ ಕೂತರು.

ಆಗ ಯಜಮಾನರು ಹೂಡಿದ ಉಪಾಯ ನೋಡಿ! ತರಗತಿಯನ್ನು ಬೇರೆ ಮಾಡುವಂತಿಲ್ಲ, ಸರಿ. ಕುಣಿತವನ್ನು? ಶಾಲೆಯೇ ನೃತ್ಯಕೂಟ ನಡೆಸಿದರೆ ಕರಿಯ ಹುಡುಗನೊಬ್ಬ ಬಿಳಿಯ ಹುಡುಗಿಯ ಕೈ ಹಿಡಿದಾನು. ಆದ್ದರಿಂದ ಶಾಲೆಗಳು ನೃತ್ಯಕೂಟ ನಡೆಸುವುದನ್ನೇ ಬಿಟ್ಟವು. ಬಿಳಿಯ ತಂದೆತಾಯಂದಿರು ಹೊರಗೆ ಒಂದು ಹಾಲು ಗೊತ್ತುಮಾಡಿ, ತಮ್ಮ ಮಕ್ಕಳಿಗೆ ಮಾತ್ರ ಕರೆಯೋಲೆ ಕೊಟ್ಟು ಪ್ರಾಮ್ ನಡೆಸಿದರು. ಉಳಿದವರು ತಮ್ಮದನ್ನು ತಾವು ಮಾಡಿಕೊಂಡರು. ಒಂದೇ ಶಾಲೆಗೆ ಎರಡು ಸಮಿತಿ, ಎರಡು ಥೀಮು, ಎರಡು ತೋರಣ, ಎರಡು ರಾತ್ರಿ! ಹೆಡ್‌ಮಾಸ್ತರರನ್ನು ಕೇಳಿದರೆ, "ಅದು ನಮ್ಮದಲ್ಲ, ಪೋಷಕರ ಖಾಸಗಿ ಕೂಟ." ಪೋಷಕರನ್ನು ಕೇಳಿದರೆ, "ನಮ್ಮ ಹಣ, ನಮ್ಮ ಹಾಲು, ನಮ್ಮ ಮಕ್ಕಳು." ಕಳ್ಳನಿಗೊಂದು ಪಿಳ್ಳೆ ನೆವ.

ಇದೇನೋ ಅಜ್ಜಂದಿರ ಕಾಲದ ಮಾತು ಎಂದು ಯಾರೂ ತಿಳಿಯಬೇಡಿ. ಜಾರ್ಜಿಯ ರಾಜ್ಯದ ಟೇಲರ್ ಕೌಂಟಿಯಲ್ಲಿ ಎಲ್ಲ ಮಕ್ಕಳೂ ಒಟ್ಟಿಗೆ ಕುಣಿದದ್ದು 2002ರಲ್ಲಿ. ಮರುವರ್ಷವೇ ಕೆಲವು ಬಿಳಿಯರು ಮತ್ತೆ ಬೇರೆ ಕೂಟ ಹೂಡಿದರು. ಅದೇ ರಾಜ್ಯದ ಟರ್ನರ್ ಕೌಂಟಿಯ ಹೈಸ್ಕೂಲು ಎಲ್ಲರಿಗೂ ಸೇರಿ ಮೊದಲ ಪ್ರಾಮ್ ನಡೆಸಿದ್ದು 2007ರಲ್ಲಿ. ಅಲ್ಲಿನ ಮಕ್ಕಳು ಆರಿಸಿದ ಥೀಮು 'ಬ್ರೇಕ್ ಅವೇ', ಎಂದರೆ ಕಟ್ಟು ಹರಿದು ಹೊರಬರುವುದು. ಹೆಸರು ಚೆನ್ನಾಗಿತ್ತು. ಆದರೆ ಆ ವರ್ಷವೂ ಬಿಳಿಯರ ಖಾಸಗಿ ಕೂಟ ತಪ್ಪಲಿಲ್ಲ.

ಮಿಸಿಸಿಪ್ಪಿಯ ಚಾರ್ಲ್ಸ್‌ಟನ್ ಎಂಬ ಸಣ್ಣ ಊರಿನದು ಇನ್ನೂ ವಿಚಿತ್ರ. ಆ ಊರಿನ ನಂಟಿರುವ ಪ್ರಖ್ಯಾತ ನಟ ಮಾರ್ಗನ್ ಫ್ರೀಮನ್ 1997ರಲ್ಲಿಯೇ ಮುಂದೆ ಬಂದು, ಎಲ್ಲ ಮಕ್ಕಳೂ ಕೂಡಿ ಕುಣಿಯುವುದಾದರೆ ಖರ್ಚೆಲ್ಲ ತನ್ನದು ಎಂದರು. ಊರು ಒಪ್ಪಲಿಲ್ಲ. ಹನ್ನೊಂದು ವರ್ಷ ಕಳೆದು, 2008ರಲ್ಲಿ, ಅವರು ಮತ್ತೆ ಕೇಳಿದ ಮೇಲೆ ಅದು ನಡೆಯಿತು. ಆಗಲೂ ಕೆಲವು ಬಿಳಿಯ ಪೋಷಕರು ತಮ್ಮ ಬೇರೆ ಕೂಟ ಬಿಡಲಿಲ್ಲ. ಬಿಟ್ಟಿ ಹಣ ಬಂದರೂ ಬೇಡವೆನ್ನುವಷ್ಟು ಗಟ್ಟಿಯಾದದ್ದು ಬಣ್ಣದ ಅಹಂಕಾರ! ಎಲ್ಲಕ್ಕೂ ಆರ್ಥಿಕ ಕಾರಣವೊಂದೇ ಸಾಕು, ವರ್ಗ ಹೋದರೆ ವರ್ಣ ತಾನಾಗಿ ಹೋಗುತ್ತದೆ ಎಂದು ಸುಲಭವಾಗಿ ಲೆಕ್ಕ ಹಾಕುವ ಮಿತ್ರರು ಈ ಚಾರ್ಲ್ಸ್‌ಟನ್ನಿನ ಕಥೆಯನ್ನು ಎರಡು ಸಲ ಓದಬೇಕು.

ಬೆದರಿಕೆಯ ಕಥೆಯೂ ಒಂದುಂಟು. ಅಲಬಾಮ ರಾಜ್ಯದ ವಿಡಾವೀ ಎಂಬಲ್ಲಿ 1994ರಲ್ಲಿ ಹೈಸ್ಕೂಲಿನ ಮುಖ್ಯಸ್ಥರೊಬ್ಬರು ಮಕ್ಕಳನ್ನೆಲ್ಲ ಸೇರಿಸಿ, ಕರಿಯ ಬಿಳಿಯ ಜೋಡಿಗಳು ಬರುವುದಾದರೆ ಪ್ರಾಮನ್ನೇ ರದ್ದು ಮಾಡುವುದಾಗಿ ಹೇಳಿದರು. ಊರು ಎರಡಾಯಿತು. ಆ ವರ್ಷದ ಆಗಸ್ಟಿನಲ್ಲಿ ಶಾಲೆಯ ಕಟ್ಟಡವೇ ಬೆಂಕಿಗೆ ಆಹುತಿಯಾಯಿತು. ಒಂದು ಸಂಜೆಯ ಕುಣಿತ ಸಣ್ಣ ವಿಷಯವಾಗಿದ್ದರೆ ಇಷ್ಟು ಕಿಚ್ಚೇಕೆ?

ಇನ್ನು 2010ರಲ್ಲಿ ಮಿಸಿಸಿಪ್ಪಿಯ ಇಟವಾಂಬ ಕೌಂಟಿಯಲ್ಲಿ ಹುಡುಗಿಯೊಬ್ಬಳು ತನ್ನ ಗೆಳತಿಯೊಡನೆ, ಗಂಡಸರ ಕೋಟು ತೊಟ್ಟು ಬರುತ್ತೇನೆಂದಾಗ ಶಾಲಾಮಂಡಳಿ ಪ್ರಾಮನ್ನು ರದ್ದು ಮಾಡಿತು. ಪೋಷಕರು ಖಾಸಗಿ ಕೂಟ ನಡೆಸಿದರು. ಆ ಹುಡುಗಿಯನ್ನೂ ಬೆರಳೆಣಿಕೆಯ ಇತರರನ್ನೂ ಬೇರೊಂದು ಹಾಲಿಗೆ ಸಾಗಹಾಕಿ, ಉಳಿದವರೆಲ್ಲ ಮತ್ತೊಂದು ಕಡೆ ಕುಣಿದರು! ಕೊನೆಗೆ ಮಂಡಳಿ ಆ ಹುಡುಗಿಗೆ 35,000 ಡಾಲರು ಕೊಟ್ಟು ಮೊಕದ್ದಮೆ ಮುಗಿಸಿಕೊಳ್ಳಬೇಕಾಯಿತು. ಹೊರಗಿಡಬೇಕಾದವರು ಬದಲಾದರೂ ಹಿತ್ತಲ ಬಾಗಿಲು ಅದೇ.

ಲೋಹಿಯಾ ತಟ್ಟಿದ ಬಾಗಿಲು

ಈ ಮಿಸಿಸಿಪ್ಪಿ ನಮಗೆ ಅಪರಿಚಿತವಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರ ಪರವಾಗಿ ನಿಲ್ಲಲು ಬಂದು ಬಂಧನಕ್ಕೆ ಒಳಗಾದ ಡಾ. ರಾಮಮನೋಹರ ಲೋಹಿಯಾ ಅವರೇ 1964ರ ಮೇ ತಿಂಗಳ ಕೊನೆಯಲ್ಲಿ ಮಿಸಿಸಿಪ್ಪಿಯ ರಾಜಧಾನಿ ಜಾಕ್ಸನ್‌ನಲ್ಲಿ ಬಿಳಿಯರಿಗೆ ಮಾತ್ರ ಮೀಸಲಾದ ಊಟದ ಹೋಟೆಲಿನ ಬಾಗಿಲಿಗೆ ಹೋದರು. ತಿರುಗಿಸಿ ಕಳುಹಿಸಿದರು. ಮರುದಿನ ಮತ್ತೆ ಹೋದರು. ಪೊಲೀಸರು ಹಿಡಿದರು. ಆಗ ಅವರು ಲೋಕಸಭೆಯ ಸದಸ್ಯರು. ಅಮೆರಿಕ ಸರ್ಕಾರ ವಿಷಾದ ಸೂಚಿಸಿತು. ಆದರೆ ಲೋಹಿಯಾ ಹೋದದ್ದು ತಮ್ಮೊಬ್ಬರಿಗೆ ಊಟ ಸಿಗಲೆಂದಲ್ಲ. ಚರ್ಮದ ಬಣ್ಣದ ಮೇಲಿನ ಅಸಮಾನತೆಯನ್ನು ಮುರಿಯುವುದು ಅವರು ಹೇಳಿದ ಏಳು ಕ್ರಾಂತಿಗಳಲ್ಲಿ ಒಂದು.

ಅದಾದ ಕೆಲವೇ ವಾರಗಳಿಗೆ, 1964ರ ಜುಲೈ 2ರಂದು, ಅಮೆರಿಕದ ನಾಗರಿಕ ಹಕ್ಕುಗಳ ಕಾಯಿದೆಗೆ ಅಂಕಿತ ಬಿತ್ತು. ಹೋಟೆಲು, ಚಿತ್ರಮಂದಿರಗಳಲ್ಲಿ ಭೇದ ಮಾಡುವಂತಿಲ್ಲವೆಂದಾಯಿತು. ಆದರೆ ಆ ಕಾಯಿದೆಯಲ್ಲೇ ಖಾಸಗಿ ಕ್ಲಬ್ಬುಗಳಿಗೆ ವಿನಾಯಿತಿ ಇತ್ತು! ಮುಂಬಾಗಿಲಿಗೆ ಬೀಗ ಜಡಿದು ಹಿತ್ತಲ ಬಾಗಿಲಿನ ಅಗುಳಿ ತೆಗೆದಿಟ್ಟ ಹಾಗೆ.

ನಗಬೇಡಿ, ಈ ವಿದ್ಯೆಯಲ್ಲಿ ನಾವು ಅವರಿಗಿಂತ ಹಿರಿಯರು. 1927ರಲ್ಲಿ ಬಾಬಾಸಾಹೇಬ ಅಂಬೇಡ್ಕರರು ಮಹಾಡದ ಚವದಾರ ಕೆರೆಯ ನೀರು ಮುಟ್ಟಿದಾಗ ಸವರ್ಣೀಯರು ಕೋರ್ಟಿಗೆ ಹೋಗಿ ಏನೆಂದರು? ಕೆರೆ ಸಾರ್ವಜನಿಕರದಲ್ಲ, ಖಾಸಗಿ ಎಂದರು! ಆ ಸುಳ್ಳನ್ನು ಮುಂಬಯಿ ಹೈಕೋರ್ಟು ತಳ್ಳಿಹಾಕಲು 1937 ಬರಬೇಕಾಯಿತು. ಕೆರೆಯಾಗಲಿ, ಕುಣಿತದ ಹಾಲಾಗಲಿ, ಸಮಾನತೆ ಬಾಗಿಲಿಗೆ ಬಂದ ದಿನವೇ ಅದು 'ಖಾಸಗಿ'ಯಾಗುತ್ತದೆ. ಎಲ್ಲಿ ಈ ಮಾತು ಕೇಳಿಬಂದರೂ ದುಡಿಯುವ ಜನ ಕಿವಿ ನೆಟ್ಟಗೆ ಮಾಡಿಕೊಳ್ಳಬೇಕು.

ನಾಲ್ಕು ಹುಡುಗಿಯರ ಪಾಠ

ಜಾರ್ಜಿಯದ ವಿಲ್ಕಾಕ್ಸ್ ಕೌಂಟಿಯಲ್ಲಿ 2013ರವರೆಗೂ ಎರಡು ಬೇರೆ ಬೇರೆ ಖಾಸಗಿ ಪ್ರಾಮ್‌ಗಳೇ ನಡೆದಿದ್ದವು. 2012ರಲ್ಲಿ ಬಿಳಿಯರ ಕೂಟಕ್ಕೆ ಬಂದ ಮಿಶ್ರವರ್ಣದ ವಿದ್ಯಾರ್ಥಿಯೊಬ್ಬನನ್ನು ಪೊಲೀಸರು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಿದ್ದು ಪತ್ರಿಕೆಗಳಲ್ಲಿ ವರದಿಯಾಯಿತು. ಕೂಟ ಖಾಸಗಿ, ಕಾವಲಿಗೆ ಮಾತ್ರ ಸರ್ಕಾರದ ಪೊಲೀಸು! ಮರುವರ್ಷ ಅದೇ ಶಾಲೆಯ ನಾಲ್ವರು ಗೆಳತಿಯರು, ಇಬ್ಬರು ಕರಿಯರು, ಇಬ್ಬರು ಬಿಳಿಯರು, ನಾವೇ ಎಲ್ಲರಿಗೂ ಒಂದು ಪ್ರಾಮ್ ಮಾಡುತ್ತೇವೆಂದು ಹೊರಟರು. ಊಟ ಮಾಡಿ ಮಾರಿ ಹಣ ಕೂಡಿಸಿದರು. ದೂರದೂರದವರು ಚಂದಾ ಕಳುಹಿಸಿದರು. ಶಾಲೆಯ ಗೋಡೆಗೆ ಅವರು ಹಚ್ಚಿದ ಭಿತ್ತಿಪತ್ರಗಳನ್ನು ಕೆಲವರು ಹರಿದೆಸೆದರು. ಹುಡುಗಿಯರು ಹಿಂದೆಗೆಯಲಿಲ್ಲ.

ಅವರು ಆರಿಸಿದ ಥೀಮು 'ಪ್ಯಾರಿಸ್ಸಿನ ಮುಖವಾಡದ ನೃತ್ಯ'. ಹಳ್ಳಿಗಾಡಿನ ಜಾರ್ಜಿಯಕ್ಕೆ ಪ್ಯಾರಿಸ್ ಏಕೆ ಎಂದು ಪರಿಹಾಸ ಮಾಡುವುದು ಸುಲಭ. ನಾವು ಮಾಡುವುದಿಲ್ಲ. ವರ್ಷವಿಡೀ ಮುಖವಾಡ ಹಾಕಿಕೊಂಡಿದ್ದವರು ಊರಿನ ಹಿರಿಯರು. ಆ ಮಕ್ಕಳು ಹಾಕಿಕೊಂಡದ್ದು ಒಂದು ರಾತ್ರಿಯ ಆಟದ ಮುಖವಾಡ ಮಾತ್ರ. ಅವರ ಕೂಟ ಏಪ್ರಿಲ್ ತಿಂಗಳಲ್ಲಿ ಸೊಗಸಾಗಿ ನಡೆಯಿತು. ಲೋಕದ ಕಣ್ಣು ತಮ್ಮ ಮೇಲೆ ಬಿದ್ದದ್ದನ್ನು ಕಂಡ ಶಾಲಾಮಂಡಳಿ, 2014ರಿಂದ ಶಾಲೆಯ ವತಿಯಿಂದಲೇ ಎಲ್ಲರಿಗೂ ಒಂದೇ ಪ್ರಾಮ್ ಎಂದು ತೀರ್ಮಾನಿಸಿತು. ನಾಲ್ಕು ದಶಕ "ಇದು ನಮ್ಮ ಸಂಪ್ರದಾಯ, ಕಾಲವೇ ತಿದ್ದೀತು" ಎಂದು ಗಡ್ಡ ನೀವಿಕೊಂಡು ಕುಳಿತವರನ್ನು ಕಾಲ ತಿದ್ದಲಿಲ್ಲ. ನಾಲ್ವರು ಹುಡುಗಿಯರು ತಿದ್ದಿದರು. ರಟ್ಟಿನ ಗೋಪುರದ ಬೆಲೆ ಗೊತ್ತಾಗುವುದು ಅದರ ಕೆಳಗೆ ಯಾರು ಯಾರು ನಿಂತರು ಎಂಬುದರಿಂದ.

ಹಾಗೆಂದು ಯಾವ ಥೀಮು ಆದರೂ ಸರಿ ಎನ್ನಲಾರೆವು. ದಕ್ಷಿಣ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಕಾಲೇಜು ತರುಣರ 'ಕಪ್ಪಾ ಆಲ್ಫಾ' ಎಂಬ ಸಂಘದವರು 'ಓಲ್ಡ್ ಸೌತ್' ಎಂಬ ಹೆಸರಿನ ಕೂಟಗಳನ್ನು ನಡೆಸುತ್ತಿದ್ದರು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಯುದ್ಧ ಮಾಡಿದ ಸೈನ್ಯದ ಸಮವಸ್ತ್ರ ತೊಟ್ಟ ಹುಡುಗರು, ದೊಡ್ಡ ಘೇರಿನ ಲಂಗ ಉಟ್ಟ ಹುಡುಗಿಯರು! ಆ ಸಮವಸ್ತ್ರವನ್ನು ಸಂಘದ ಕೇಂದ್ರ ಕಚೇರಿ ನಿಷೇಧಿಸಿದ್ದು 2010ರಲ್ಲಿ. ಆ ದೊಡ್ಡ ಮನೆಗಳ ಕಂಬ ಮಾಡು ಎಲ್ಲ ಸಿಂಗಾರಕ್ಕೆ ಬೇಕು. ಆ ಮನೆಗಳಿಗೆ ಹಣ ತಂದ ಹತ್ತಿಯನ್ನು ಬಾರುಕೋಲಿನ ಪೆಟ್ಟು ತಿನ್ನುತ್ತ ಬಿಡಿಸಿದವರ ನೆನಪು ಬೇಡ. ಹತ್ತಿಯ ದೂಳನ್ನು ಉಸಿರಿನ ಜೊತೆ ನುಂಗಿದ ನಮ್ಮ ಗಿರಣಿಯ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಈ ಮರೆವಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜೇಬಿನ ಲೆಕ್ಕ

ಬಣ್ಣದ ಬಾಗಿಲನ್ನು ದಾಟಿದರೆ ಮುಂದೆ ಹಣದ ಬಾಗಿಲು. ಪ್ರಾಮ್ ಖರ್ಚಿನ ಬಗ್ಗೆ ವೀಸಾ ಕಾರ್ಡು ಕಂಪನಿಯೇ ಅಮೆರಿಕದಲ್ಲಿ ಸಮೀಕ್ಷೆ ಮಾಡಿಸುತ್ತಿತ್ತು. 2015ರ ಸಮೀಕ್ಷೆಯಂತೆ ಒಂದು ಮನೆಯ ಸರಾಸರಿ ಖರ್ಚು 919 ಡಾಲರು. ಅದರೊಳಗಿನ ಸೋಜಿಗ ಕೇಳಿ. ವರ್ಷಕ್ಕೆ 50,000 ಡಾಲರಿಗಿಂತ ಹೆಚ್ಚು ವರಮಾನವುಳ್ಳವರು ಖರ್ಚು ಮಾಡುವುದು 799 ಡಾಲರು. 25,000ಕ್ಕಿಂತ ಕಡಿಮೆ ಇರುವವರು 1,393 ಡಾಲರು! ಅಲ್ಲಿನ ಕೇಂದ್ರ ಸರ್ಕಾರದ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7 ಡಾಲರು 25 ಸೆಂಟು. ಲೆಕ್ಕ ಹಾಕಿ: ಮಗಳ ಒಂದು ರಾತ್ರಿಯ ಕುಣಿತಕ್ಕೆ ತಾಯಿ 192 ಗಂಟೆ, ಎಂದರೆ ದಿನಕ್ಕೆ ಎಂಟರಂತೆ 24 ದಿನ ದುಡಿಯಬೇಕು.

ಬಡವನಿಗೆ ಬುದ್ಧಿಯಿಲ್ಲ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಬಲ್ಲವರು ಬಾಯಿ ಚಪ್ಪರಿಸುತ್ತಾರೆ. ಎಂಥ ನಿರ್ದಯದ ಮಾತು! ಉಳ್ಳವನ ಮಗಳು ಹಳೆಯ ಲಂಗದಲ್ಲಿ ಬಂದರೆ ಅದು ಸರಳತೆ. ಇಲ್ಲದವನ ಮಗಳು ಬಂದರೆ ಅದು ದಾರಿದ್ರ್ಯ. ನಾಲ್ಕು ಜನರ ಮುಂದೆ ಮಗು ತಲೆ ತಗ್ಗಿಸಬಾರದೆಂದು ಬಡವ ಸಾಲ ಮಾಡುತ್ತಾನೆ. ಆ ಅವಮಾನದ ಅಂಜಿಕೆಯೇ ವ್ಯಾಪಾರಿ ಕಂಪನಿಗಳ ಬಂಡವಾಳ. ಇಡೀ ಪ್ಯಾರಿಸ್ಸನ್ನೇ ರಟ್ಟಿನ ಪೆಟ್ಟಿಗೆಯಲ್ಲಿ ಮಡಿಚಿ ಅಂಚೆಯಲ್ಲಿ ಕಳುಹಿಸುವ ಕಂಪನಿಗಳು ಅಲ್ಲಿವೆ. ಕ್ಯಾಟಲಾಗು ನೋಡಿ ಹಣ ಕಳುಹಿಸಿದರೆ ಆಯಿತು. ಊರಿನ ಕಾಗದದಂಗಡಿಯವನಿಗೆ ಉಳಿಯುವುದು ದಾರ, ಗೋಂದಿನ ವ್ಯಾಪಾರ. ಮಕ್ಕಳ ಕೈಗೆ ಉಳಿಯುವುದು ಪೆಟ್ಟಿಗೆ ಬಿಚ್ಚುವ ಕೆಲಸ.

ನಮ್ಮ ಊರಿನ ಮಾತು

ಪ್ರಾಮ್ ಎಂಬ ಹೆಸರು ಬೆಂಗಳೂರಿನ ಕೆಲವು ದುಬಾರಿ ಶಾಲೆಗಳಿಗೆ ಆಗಲೇ ಬಂದಿದೆ. ಜಿಲ್ಲಾ ಪಟ್ಟಣಗಳಿಗೆ ಹೆಸರು ಬಂದಿಲ್ಲದಿದ್ದರೂ ಅದರ ಗುಣ ಬಂದಿದೆ. ನಮ್ಮ ಸ್ಕೂಲ್ ಡೇ, ಹುಬ್ಬಳ್ಳಿ ಧಾರವಾಡದ ಕಡೆಯ ಗ್ಯಾದರಿಂಗು, ಈಗ ಥೀಮಿಲ್ಲದೆ ನಡೆಯುವುದಿಲ್ಲ. ಹಿಂದೆ ಡ್ರಾಯಿಂಗ್ ಮೇಷ್ಟ್ರು ಮಕ್ಕಳನ್ನು ಕೂಡಿಸಿಕೊಂಡು ಹಾಳೆ ಕತ್ತರಿಸಿ ಪರಾರಿ ಅಂಟಿಸುತ್ತಿದ್ದರು. ಮಾವಿನೆಲೆ ತೋರಣ, ಬಾಳೆಕಂಬ ಮಕ್ಕಳ ಮನೆಗಳಿಂದಲೇ ಬರುತ್ತಿದ್ದವು. ಈಗ ಖಾಸಗಿ ಶಾಲೆಗಳಲ್ಲಿ ಲಾರಿಯಲ್ಲಿ ಸೆಟ್ಟು ಬರುತ್ತದೆ, ಬಾಡಿಗೆಯ ಪೋಷಾಕು ಬರುತ್ತದೆ, ಕುಣಿತ ಕಲಿಸಲು ಹೊರಗಿನವರು ಬರುತ್ತಾರೆ, ಮನೆಗೆ ಚೀಟಿ ಬರುತ್ತದೆ. ಚೀಟಿಯಲ್ಲಿ ಬರೆದ ಹಣ ಕೊಟ್ಟವನ ಮಗು ಮುಂದಿನ ಸಾಲಿನಲ್ಲಿ. ಕೊಡಲಾಗದವನ ಮಗು ಆ ದಿನ 'ಜ್ವರ' ಬಂದು ಮನೆಯಲ್ಲಿ. ಕೇಳಿದರೆ, "ಕಡ್ಡಾಯವೇನಿಲ್ಲ, ಇಷ್ಟವಿದ್ದವರು ಸೇರಬಹುದು." ವಿಲ್ಕಾಕ್ಸಿನ ಯಜಮಾನರೂ ಇಂಥ ಮಾತನ್ನೇ ಆಡಿದರು!

ಆ ರಂಗದ ಮೇಲೆ ನಡೆಯುವ ಥೀಮು ಏನು? 'ನಾವೆಲ್ಲರೂ ಒಂದೇ' ಎಂದೋ, 'ವಿವಿಧತೆಯಲ್ಲಿ ಏಕತೆ' ಎಂದೋ ಇರುತ್ತದೆ. ರೈತನ ವೇಷದ ಮಗುವಿಗೆ ಬಾಡಿಗೆಯ ಜರಿ ರುಮಾಲು. ನಿಜವಾದ ರೈತನ ಮಗು ಪೆಂಡಾಲಿನ ಹೊರಗೆ.

ಇದಕ್ಕೆ ಗೋಳಾಡಿ ಫಲವಿಲ್ಲ. ಶಾಲೆಗೆ ಮಕ್ಕಳನ್ನು ಕಳುಹಿಸುವ ಪ್ರತಿಯೊಬ್ಬ ಕಾರ್ಮಿಕನೂ, ಪ್ರತಿಯೊಬ್ಬ ಅಂಗಡಿಕಾರನೂ ಬರುವ ಪೋಷಕರ ಸಭೆಯಲ್ಲಿ ಎದ್ದುನಿಂತು ಮೂರು ಮಾತು ಕೇಳಲಿ. ಒಂದನೆಯದು, ವಸ್ತುವನ್ನು ಮಕ್ಕಳೇ ಆರಿಸಲಿ. ಆರಿಸುವ ಸಮಿತಿಯಲ್ಲಿ ಎಲ್ಲ ಕೇರಿಯ, ಎಲ್ಲ ಓಣಿಯ ಮಕ್ಕಳೂ ಇರಲಿ. ಎರಡನೆಯದು, ಸಿಂಗಾರವನ್ನು ಮಕ್ಕಳ ಕೈಯಿಂದಲೇ ಮಾಡಿಸಿ, ಸಾಮಾನನ್ನು ಊರಿನ ಪೇಟೆಯಿಂದ ತಂದು, ಖರ್ಚನ್ನು ಶಾಲೆಯೇ ಹೊತ್ತು, ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ಗೋಡೆಗೆ ಹಚ್ಚಲಿ. ಪೋಷಾಕಿನ ಹೆಸರಿನಲ್ಲಿ ಒಂದು ಬಿಡಿಗಾಸನ್ನೂ ವಸೂಲು ಮಾಡದಿರಲಿ. ಮೂರನೆಯದು, ಶಾಲೆಯ ಮಕ್ಕಳು ಸೇರುವ ಯಾವ ಕೂಟಕ್ಕೂ 'ಖಾಸಗಿ' ಎಂಬ ಹೆಸರು ಬೇಡ. ಜಾತಿಗಾಗಲಿ, ಹಣಕ್ಕಾಗಲಿ, ಉಡುಪಿಗಾಗಲಿ ಒಂದು ಮಗುವೂ ಬಾಗಿಲಿನಿಂದ ಹಿಂದಕ್ಕೆ ಹೋಗಕೂಡದು.

ಒಬ್ಬನೇ ಎದ್ದರೆ ಅವನ ಮಗುವಿನ ಮೇಲೆ ಮುನಿಸು ತೀರಿಸಿಕೊಳ್ಳುವವರು ಇದ್ದಾರೆ, ಅದನ್ನು ಬಲ್ಲೆವು. ಆದ್ದರಿಂದ ಹತ್ತು ಜನ ಒಟ್ಟಿಗೆ ಏಳಬೇಕು. ಗಿರಣಿಯ ಗೇಟಿನಲ್ಲಿ ಒಂದಾಗಿ ನಿಲ್ಲಲು ಕಲಿತವರಿಗೆ ಶಾಲೆಯ ಗೇಟಿನಲ್ಲಿ ನಿಲ್ಲುವುದು ಕಷ್ಟವಾಗಬಾರದು. ಯಾರಿಗೂ ಅಂಜದೆ ನಾಲ್ವರು ಹುಡುಗಿಯರು ಮಾಡಿದ ಕೆಲಸ ನಮ್ಮ ಕೈಲಾಗದೇ? ತೋರಣ ಕಟ್ಟೋಣ, ಬಣ್ಣ ಬಣ್ಣದ್ದೇ ಕಟ್ಟೋಣ. ಆದರೆ ಅದರ ಕೆಳಗೆ ಊರಿನ ಮಕ್ಕಳೆಲ್ಲರೂ ನಡೆದು ಒಳಗೆ ಬರಲಿ.